ಕೈಕುಲುಕಿಸುವ ಮೇಷ್ಟ್ರು

ಅಣ್ಣ ಅಪ್ಪನ ಬಲಗೈಯನ್ನು ಮೊಣಕೈ ಹತ್ತಿರ ಹಿಡಿದು ಜಗ್ಗಿದ. ಕೈ ಕೋಟಿನ ತೋಳಿನೊಳಗೆ ಅರ್ಧ ಹೋಗಿ ಸಿಕ್ಕಿಕೊಂಡಿತು. ಇನ್ನೊಮ್ಮೆ ಜಗ್ಗಿದ. ಭುಜದ ಹತ್ತಿರ ಎಲ್ಲೋ ಲಟಕ್ ಎಂದಿತು.

"ನಿಧಾನ ಅಣ್ಣ," ಎಂದಳು ತಂಗಿ. "ಕೋಟನ್ನ ಬೆನ್ನ ಹಿಂದೆ ಕತ್ತರಿಸಿಬಿಡೋಣ. ಮಲಗಿಸಿದ ಮೇಲೆ ಯಾರಿಗೂ ಕಾಣಲ್ಲ."

ಅಣ್ಣ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಪಾರ್ಶ್ವವಾಯು ಬಡಿದ ಕೈ ಅದು. ಬದುಕಿದ್ದಾಗಲೇ ಮಡಚಿಕೊಂಡು ಎದೆಗೆ ಅಂಟಿದ್ದು ಸತ್ತ ಮೇಲೆ ನೆಟ್ಟಗಾಗುವುದುಂಟೇ? ಆದರೆ ಹನ್ನೆರಡು ಲಾರಿಗಳನ್ನೂ ಅವುಗಳ ಡ್ರೈವರುಗಳನ್ನೂ ಬಗ್ಗಿಸಿ ಇಟ್ಟುಕೊಂಡ ಮನುಷ್ಯನಿಗೆ ಒಂದು ಹೆಣದ ಕೈ ಮಾತು ಕೇಳುವುದಿಲ್ಲವೆಂದರೆ ಅದು ಮರ್ಯಾದೆಯ ಪ್ರಶ್ನೆ. ಮಂಡಿಯನ್ನು ಮಂಚಕ್ಕೆ ಊರಿ, ಹಲ್ಲು ಕಚ್ಚಿ, ಮೈಭಾರ ಬಿಟ್ಟು ಎಳೆದ. ಕೈ ತೋಳಿನ ತುದಿಯಿಂದ ಹೊರಗೆ ಬಂತು. ಆಯ್ತಲ್ಲ ಎಂದು ಹಣೆ ಒರೆಸಿಕೊಂಡ. ಅಪ್ಪನ ಮಣಿಕಟ್ಟಿನ ಚರ್ಮ ಸುಲಿದಿತ್ತು, ರಕ್ತ ಬಂದಿರಲಿಲ್ಲ ಅಷ್ಟೆ. ತಂಗಿ ಅದರ ಮೇಲೆ ಕೋಟಿನ ತೋಳನ್ನು ಎಳೆದು ಮುಚ್ಚಿದಳು.

ಕೋಟು ಶಾಲೆಯವರು ನಿವೃತ್ತಿಯ ದಿನ ಕೊಟ್ಟದ್ದು. ಅಪ್ಪ ಡ್ರಿಲ್ ಮೇಷ್ಟ್ರು. ಊರಿನ ಅರ್ಧ ಜನ ಅವರ ಸೀಟಿಗೆ ಓಡಿ ಬೆಳೆದವರು. ಆದರೂ ಯಾರ ಬಾಯಲ್ಲೂ ಅವರು ಡ್ರಿಲ್ ಮೇಷ್ಟ್ರಲ್ಲ, ಕೈಕುಲುಕಿಸುವ ಮೇಷ್ಟ್ರು. ಬೆಳಿಗ್ಗೆಯಿಂದ ಹೊರಗಿನ ಕೋಣೆಯಲ್ಲಿ ಅದೇ ಮಾತು. ಎಂಥ ಹೊಡೆದಾಟ ಇರಲಿ, ಮೂಗಿನಲ್ಲಿ ರಕ್ತ ಸೋರುತ್ತಿರಲಿ, ಇಬ್ಬರನ್ನೂ ಮೈದಾನದ ನಡುವೆ ನಿಲ್ಲಿಸಿ ಕೈಕುಲುಕಿಸಿ 'ಮುಗೀತು' ಅಂದರೆ ಮುಗಿದ ಹಾಗೆ ಎಂದು ಒಬ್ಬ ವಕೀಲ ಹೇಳಿದ. ಅಂಥವರು ಕೋರ್ಟಿನಲ್ಲಿ ಇದ್ದಿದ್ದರೆ ನಿನ್ನ ಹೊಟ್ಟೆಪಾಡು ಏನಾಗುತ್ತಿತ್ತೋ ಎಂದು ಪಕ್ಕದವನು ಕಿಚಾಯಿಸಿದ. ಸಾವಿನ ಮನೆಯೆಂದು ನೆನಪಾಗಿ ಇಬ್ಬರೂ ಕೆಮ್ಮಿದರು.

ಅಣ್ಣ ಆ ಕೋಣೆಗೆ ಬಂದು ಎಲ್ಲರ ನಡುವೆ ನಿಂತು ಒಂದು ತೀರ್ಮಾನ ಹೇಳಿದ. ಗುಬ್ಬಿಯ ಬಟ್ಟೆಬರೆ, ಪುಸ್ತಕ ಎಲ್ಲ ತನ್ನ ಕಾರಿನ ಡಿಕ್ಕಿಗೆ ಹಾಕಿಯಾಗಿದೆ. ಇವತ್ತು ಸಂಜೆಯಿಂದ ಹುಡುಗ ತನ್ನ ಮನೆಯಲ್ಲೇ ಇರುತ್ತಾನೆ.

ಗುಬ್ಬಿ ತಂಗಿಯ ಒಬ್ಬನೇ ಮಗ. ಐದನೇ ಕ್ಲಾಸು. ತಟ್ಟೆಯಲ್ಲಿ ಹಾಕಿದ್ದನ್ನು ಕುಕ್ಕಿ ಕುಕ್ಕಿ ತಿನ್ನುತ್ತಾನೆಂದು ತಾತ ಇಟ್ಟ ಹೆಸರು ಅದು. ಅವನ ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ತಂಗಿಗೆ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಉರಿಯುವ ದೀಪದ ಮುಂದೆ ಕೂತು, ಸಾಲಾಗಿ ಹಾಯುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ಹೆಕ್ಕಿ ಬಿಸಾಡುವ ಕೆಲಸ. ಅಪ್ಪ ಹಾಸಿಗೆ ಹಿಡಿದಿದ್ದರೂ ಮನೆಯಲ್ಲಿ ಒಬ್ಬ ದೊಡ್ಡವರು ಅಂತ ಇದ್ದರು. ಈಗ ಆ ಆಸರೆಯೂ ಹೋಯಿತು. ರಾತ್ರಿಯೆಲ್ಲಾ ಹುಡುಗನನ್ನು ಯಾರು ನೋಡಬೇಕು? ಅಣ್ಣ ಹೇಳಿದ್ದು ಕೇಳಿ ಕೋಣೆಯ ತುಂಬ ತಲೆಗಳು ಆಡಿದವು. ಒಡಹುಟ್ಟಿದವನು ಅಂದ್ರೆ ಹೀಗಿರಬೇಕು ಎಂದು ವಕೀಲನೇ ಮೊದಲು ಹೇಳಿದ. ಶಾಲೆಗೂ ಅನುಕೂಲ, ಮನೆಯಲ್ಲಿ ಪೈಲ್ವಾನನ ಜೊತೆಯೂ ಇರುತ್ತೆ ಎಂದು ಇನ್ಯಾರೋ ಸೇರಿಸಿದರು.

ಪೈಲ್ವಾನ ಅಂದರೆ ಅಣ್ಣನ ಮಗ, ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಹೆಸರು ಅಣ್ಣನೇ ಹೆಮ್ಮೆಯಿಂದ ಇಟ್ಟದ್ದು. ಬಾಗಿಲಿಗೆ ಒರಗಿ ನಿಂತಿದ್ದ ಅವನು ಗುಬ್ಬಿಯ ಕಡೆ ನೋಡಿ ಹುಬ್ಬು ಕುಣಿಸಿದ.

ಚಪ್ಪಲಿಗಳ ಪಕ್ಕದಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದ ಗುಬ್ಬಿಯ ಚಡ್ಡಿಯಿಂದ ನೀರು ಹರಿದು ನೆಲದ ಮೇಲೆ ಹಬ್ಬಿತು.

ಪಾಪ, ತಾತನ ಮೇಲೆ ಪ್ರಾಣ ಇಟ್ಟುಕೊಂಡಿತ್ತು ಮಗು ಎಂದು ಎಲ್ಲರೂ ಲೊಚಗುಟ್ಟಿದರು. ತಂಗಿ ಬಟ್ಟೆ ತಂದು ನೆಲ ಒರೆಸಿದಳು. ಇದು ದುಃಖದ ಉಚ್ಚೆ ಅಲ್ಲ ಎಂದು ಅವಳಿಗೆ ಗೊತ್ತು. ಆ ಅಣ್ಣನ ಜೊತೆ ಒಂದೇ ಸೂರಿನ ಕೆಳಗೆ ಬೆಳೆದವಳು ಅವಳು. ಶಾಲೆಗೆ ಹೊರಡುವ ಹೊತ್ತಿಗೆ ದಿನಾ ಹುಡುಗನಿಗೆ ಬರುತ್ತಿದ್ದ ಹೊಟ್ಟೆನೋವು, ಬೆನ್ನ ಮೇಲಿದ್ದ ನೀಲಿ ಕಲೆ, 'ಬಿದ್ದೆ ಅಮ್ಮ' ಎಂಬ ಮಾತು, ಒಂದೊಂದಾಗಿ ಕಣ್ಣ ಮುಂದೆ ಬಂದವು. ನಿದ್ದೆಗೆಟ್ಟ ಕಣ್ಣಿಗೆ ಬಾಟಲಿಯ ಬಿರುಕು ಕಂಡಿತ್ತು, ಮಗನದು ಕಂಡಿರಲಿಲ್ಲ.

ಸಂಜೆಯೊಳಗೆ ಇಲ್ಲ ಅನ್ನಬೇಕು. ಆ ಅಣ್ಣನ ಮುಖಕ್ಕೆ ಅವಳು ಹುಟ್ಟಿದಾಗಿನಿಂದ ಇಲ್ಲ ಅಂದದ್ದಿಲ್ಲ.

*

ಆಗ ಇಬ್ಬರೂ ಚಿಕ್ಕವರು, ಅಮ್ಮ ಇಲ್ಲದ ಮನೆ. ಅಪ್ಪ ಶಾಲೆಯಿಂದ ಬರುವುದು ಕತ್ತಲಾಗುವ ಹೊತ್ತಿಗೆ. ಅಷ್ಟರತನಕ ಅಣ್ಣನಿಗೊಂದು ಆಟವಿತ್ತು. ಬಚ್ಚಲಮನೆ ಬಾಗಿಲ ಸಂದಿಯಲ್ಲಿ ತಂಗಿಯ ಬೆರಳು ಇಡಿಸಿ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬರುವುದು. ಅವಳು ಕೂಗಿದರೆ ಸೋತ ಹಾಗೆ. ಸೋತರೆ ಆಟ ಮೊದಲಿಂದ. ಒಂದು ಸಂಜೆ ಅವಳು ಕೂಗಲೇ ಇಲ್ಲ. ಅಣ್ಣನಿಗೆ ರೇಗಿ ಬಾಗಿಲನ್ನು ಒದ್ದ. ಉಗುರು ಕಿತ್ತು ಬಾಗಿಲಿಗೇ ಅಂಟಿಕೊಂಡಿತು.

ಅಪ್ಪ ಬಂದು ರಕ್ತ ತೊಳೆದರು, ಬಟ್ಟೆ ಸುತ್ತಿದರು. ಅವರೇನು ಕಲ್ಲು ಹೃದಯದವರಲ್ಲ. ಆದರೆ ಶಾಲೆಯಲ್ಲಿ ನೂರಾರು ಸಲ ಗೆದ್ದ ಮದ್ದು ಅವರ ಕೈಯಲ್ಲಿತ್ತಲ್ಲ, ಅದನ್ನು ಬಿಟ್ಟು ಬೇರೆ ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಜಗಳ ಅಂದಮೇಲೆ ಇಬ್ಬರದೂ ಪಾಲಿರುತ್ತೆ ಎಂದರು. ಕೈ ಕುಲುಕಿಸಿದರು.

ಅಣ್ಣ ಬಟ್ಟೆ ಸುತ್ತಿದ ಅವಳ ಕೈಯನ್ನು ಹಿಡಿದ. ಅಪ್ಪನ ಮುಖ ನೋಡಿ ನಗುತ್ತಾ ಹಿಂಡಿದ. ಬಟ್ಟೆ ಮತ್ತೆ ಕೆಂಪಗಾಯಿತು. ಕೂಗಿದರೆ ಸೋತ ಹಾಗೆ ಎಂದು ಕಲಿತಿದ್ದ ಅವಳು ಕೂಗಲಿಲ್ಲ. ಅವಳ ಕಣ್ಣಲ್ಲಿ ನೀರಿಲ್ಲದ್ದು ಕಂಡು ಅಪ್ಪನಿಗೆ ಸಮಾಧಾನವಾಯಿತು.

"ನೋಡಿ, ಮುಗೀತು," ಎಂದರು.

ಆಮೇಲೆ ಮಲಗುವ ಹೊತ್ತಿನಲ್ಲಿ ಅಣ್ಣ ಅವಳ ಮುಖದ ಮೇಲೆ ದಿಂಬು ಒತ್ತಿ, ಹೇಳ್ತೀಯಾ, ಇನ್ನೊಂದ್ಸಲ ಹೇಳ್ತೀಯಾ ಎಂದು ಕೇಳಿದ. ದಿಂಬಿನ ಕೆಳಗಿಂದ ಅವಳು ಏನು ಹೇಳಿದರೂ ಕೇಳುವಂತಿರಲಿಲ್ಲ. ಅಲ್ಲಿಂದ ಮುಂದೆ ಅವಳು ಯಾರಿಗೂ ಏನೂ ಹೇಳಲಿಲ್ಲ.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮುಂಚೆ ಇನ್ನೂ ಇಬ್ಬರ ಸರದಿ ಇತ್ತು. ಕಾಯುವ ಹಜಾರದಲ್ಲಿ ಉದ್ದನೆಯ ಕಬ್ಬಿಣದ ಬೆಂಚುಗಳು. ಅಪ್ಪನನ್ನು ಒಂದು ಸ್ಟ್ರೆಚರಿನ ಮೇಲೆ ಗೋಡೆಯ ಬದಿಗೆ ಇಟ್ಟಿದ್ದರು. ಅಣ್ಣ ಕಿಟಕಿ ಹತ್ತಿರ ನಿಂತು, ಎಲ್ಲೋ ಕೆಟ್ಟು ನಿಂತ ಲಾರಿಯ ಡ್ರೈವರನನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅತ್ತಿಗೆ ಬೆಂಚಿನ ತುದಿಯಲ್ಲಿ ಇದ್ದೂ ಇಲ್ಲದವಳ ಹಾಗೆ ಕೂತಿದ್ದಳು. ಶಾಲೆಯ ಈಗಿನ ಹೆಡ್ ಮಿಸ್ಸು ಬಂದು ತಂಗಿಯ ಭುಜ ಮುಟ್ಟಿ, ಮೇಷ್ಟ್ರು ಕೊನೆಯ ವರ್ಷಗಳಲ್ಲಿ ಮಾಡಿದ ಕೆಲಸವನ್ನು ತಾವು ನಿಲ್ಲಿಸುವುದಿಲ್ಲ ಎಂದು ಹೇಳಿ ಆಚೆ ಕೂತರು.

ಅಣ್ಣ ಫೋನು ಇಳಿಸಿ ನಕ್ಕ. ಕೊನೆಗಾಲಕ್ಕೆ ಅಪ್ಪನ ತಲೆ ನೆಟ್ಟಗಿರಲಿಲ್ಲ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕ್ಲಾಸಿಂದ ಕ್ಲಾಸಿಗೆ ಅಲೆಯುತ್ತಿದ್ದರು, ತನಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿತ್ತು ಎಂದ.

ಒಬ್ಬ ಗಿಡ್ಡ ಮನುಷ್ಯ ಎದ್ದು ಬಂದು ತಂಗಿಯ ಎಡಕ್ಕೆ ಕೂತ. ಮತ್ತೆ ಏನೋ ನೆನಪಾದವನಂತೆ ಎದ್ದು ಬಲಕ್ಕೆ ಕೂತ. ಮೂಲೆಯ ಬೇಕರಿಯವನು. ತನ್ನ ಬಲಗಿವಿ ಕೇಳುವುದಿಲ್ಲ, ಅದಕ್ಕೆ ಈ ಕಡೆ ಎಂದ.

"ಈ ಕಿವಿಯಿಂದಾನೇ ನಿಮ್ಮಪ್ಪ ಹಗ್ಗ ಹಿಡಿದದ್ದು," ಎಂದ. "ತಲೆ ಕೆಟ್ಟಿರಲಿಲ್ಲಮ್ಮ ಅವರದು. ಆಗಲೇ ನೆಟ್ಟಗಾಗಿದ್ದು."

*

ಬೇಕರಿಯವನು ಹುಡುಗನಾಗಿದ್ದಾಗ ಅವನ ಕ್ಲಾಸಿನ ನಾಲ್ಕು ಜನ ಅವನಿಗೆ ಗಂಟು ಬಿದ್ದಿದ್ದರು. ಕಾರಣ ಬೇಕೆ? ಗಿಡ್ಡ ಇದ್ದ, ಮಾತಾಡಿದರೆ ತೊದಲುತ್ತಿದ್ದ, ಅಷ್ಟು ಸಾಕು. ಊಟದ ಡಬ್ಬಿಗೆ ಉಗುಳುವುದರಿಂದ ಶುರುವಾದದ್ದು, ಕಾಲು ಹಿಡಿದು ಮೆಟ್ಟಿಲ ಮೇಲೆ ಎಳೆದಾಡುವವರೆಗೆ ಬಂತು. ಒಂದು ದಿನ ಧೈರ್ಯ ಮಾಡಿ ಡ್ರಿಲ್ ಮೇಷ್ಟ್ರ ಹತ್ತಿರ ಹೋದ. ಮೇಷ್ಟ್ರು ನಾಲ್ಕೂ ಜನರನ್ನು ಕರೆಸಿದರು. ಇಡೀ ಶಾಲೆಯ ಮುಂದೆ ಒಬ್ಬೊಬ್ಬರ ಕೈಯನ್ನೂ ಅವನಿಂದ ಕುಲುಕಿಸಿದರು. ಮುಗೀತು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಸಂಜೆ ಮೈದಾನ ಖಾಲಿಯಾದ ಮೇಲೆ ನಾಲ್ವರೂ ಅವನನ್ನು ಗೋಲು ಕಂಬದ ಹತ್ತಿರ ಒಯ್ದರು. ಇಬ್ಬರು ಕೈ ಹಿಡಿದರು, ಒಬ್ಬ ಕೂದಲು ಹಿಡಿದ. ನಾಲ್ಕನೆಯವನು ಲೆಕ್ಕ ಹಾಕಿದ. ತಲೆಯನ್ನು ಕಂಬಕ್ಕೆ ಬಡಿದಾಗಲೆಲ್ಲ ಕಂಬ ಗಂಟೆಯ ಹಾಗೆ ಶಬ್ದ ಮಾಡಿತು. ಕೊನೆಕೊನೆಗೆ ಬಲಗಡೆ ಆ ಶಬ್ದವೂ ಕೇಳಿಸಲಿಲ್ಲ. ಹುಡುಗ ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಊರಿಗೆ ಊರೇ ಅವನು ಓದಲಾರದೆ ಬಿಟ್ಟ ಅಂದುಕೊಂಡಿತು, ಮೇಷ್ಟ್ರೂ ಹಾಗೇ ಅಂದುಕೊಂಡರು.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಬ್ರೆಡ್ಡು ಕೊಳ್ಳಲು ಬಂದರು. ಏನೋ ಕೇಳಿದರು, ಇವನಿಗೆ ಕೇಳಿಸಲಿಲ್ಲ. ಕಿವಿಗೆ ಏನಾಯಿತು ಎಂದು ವಿಚಾರಿಸಿದರು. ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಇವನು ಹಿಟ್ಟು ನಾದುತ್ತಲೇ ಹೇಳಿದ. ಮೇಷ್ಟ್ರು ಬ್ರೆಡ್ಡು ತೆಗೆದುಕೊಳ್ಳದೆ ಹೋದರು. ಮಾರನೆಯ ದಿನ ಬಂದು ಇನ್ನೊಮ್ಮೆ ಹೇಳು ಎಂದರು. ಅದರ ಮಾರನೆಯ ದಿನವೂ ಬಂದರು. ಎಲ್ಲಿ ನಿಂತಿದ್ದೆ, ಯಾರು ನೋಡಿದರು, ನೋಡಿದವರು ಏನು ಮಾಡಿದರು ಎಂದು ಕೇಳಿದರು. ನೋಡಿದವರು ಮನೆಗೆ ಹೋದರು ಎಂದ ಇವನು.

ಆ ವಾರವೇ ಅವರು ಶಾಲೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಮೊದಲ ಸಲ ಒಂದು ಕ್ಲಾಸಿಗೆ ಹೋದದ್ದು. ಒಂದೇ ಅಳತೆಯ ಇಬ್ಬರನ್ನು ಕರೆದು ಹಗ್ಗ ಎಳೆಸುವುದು. ಇದೇನು ಅಂದರೆ ಮಕ್ಕಳು ಆಟ ಅನ್ನುತ್ತಿದ್ದರು. ಆಮೇಲೆ ಒಂದು ತುದಿಗೆ ಐದು ಜನ ದಾಂಡಿಗರು, ಇನ್ನೊಂದಕ್ಕೆ ಒಂದು ಪುಟ್ಟ ಮಗು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಕ್ಕಳ ನಗು ತಾನಾಗಿ ನಿಲ್ಲುತ್ತಿತ್ತು. ಇದು ಆಟವೂ ಅಲ್ಲ, ಜಗಳವೂ ಅಲ್ಲ, ಇದಕ್ಕೆ ಬೇರೆ ಹೆಸರಿದೆ, ಹಿಂಸೆ ಅಂತ ಎನ್ನುತ್ತಿದ್ದರು ಮೇಷ್ಟ್ರು. ಹಗ್ಗ ಬಿಟ್ಟುಬಿಡು ಮಗು, ಬಿಟ್ಟವನು ಸೋತವನಲ್ಲ. ಬಿಟ್ಟು ಕೂಗು. ದೊಡ್ಡವರೊಬ್ಬರಿಗೆ ಹೇಳು. ಅವರು ಕೇಳಲಿಲ್ಲವಾ, ಇನ್ನೊಬ್ಬರಿಗೆ ಹೇಳು. ಕೇಳುವವರು ಸಿಗುವ ತನಕ ಹೇಳ್ತಾನೇ ಇರು. ನಿಂತು ನೋಡುವವರೇ, ನೀವು ಹೋಗಿ ಆ ಮಗುವಿನ ಪಕ್ಕ ನಿಲ್ಲಿ. ಹೊಡೆಯಬೇಡಿ, ನಿಲ್ಲಿ ಸಾಕು.

*

ಬೇಕರಿಯವನ ಮಾತು ಮುಗಿಯುವ ಹೊತ್ತಿಗೆ ತಂಗಿಯ ಕಣ್ಣು ಎದುರು ಬೆಂಚಿನ ಮೇಲೆ ಬಿತ್ತು. ಗುಬ್ಬಿ ಅಲ್ಲಿರಲಿಲ್ಲ. ಬಾಗಿಲ ಹತ್ತಿರ ಪೈಲ್ವಾನನೂ ಇರಲಿಲ್ಲ.

ಅವಳು ಎದ್ದಳು. ಕಟ್ಟಡದ ಹಿಂದೆ ಕೈಕಾಲು ತೊಳೆಯಲು ಒಂದು ಸಿಮೆಂಟಿನ ತೊಟ್ಟಿ ಇತ್ತು. ಮೊದಲು ಕಂಡದ್ದು ಬೇರೆ ಯಾವುದೋ ಹೆಣದ ಜೊತೆ ಬಂದಿದ್ದ ಇಬ್ಬರು ಹುಡುಗರು, ಕೈ ಕಟ್ಟಿ ನಿಂತು ನೋಡುತ್ತಿದ್ದರು. ಒಬ್ಬ ನಗುತ್ತಿದ್ದ. ಆಮೇಲೆ ಪೈಲ್ವಾನನ ಅಗಲ ಬೆನ್ನು. ಅವನ ಮಂಡಿಯ ಕೆಳಗೆ ಎರಡು ಸಣ್ಣ ಕಾಲುಗಳು ನೆಲವನ್ನು ಕೆರೆಯುತ್ತಿದ್ದವು. ಗುಬ್ಬಿಯ ತಲೆ ಪೂರ್ತಿ ನೀರಿನೊಳಗಿತ್ತು.

ಪೈಲ್ವಾನ ಕೂದಲು ಹಿಡಿದು ಅವನನ್ನು ಮೇಲೆತ್ತಿ ಕೇಳಿದ, "ಇವತ್ತು ಎಲ್ಲಿ ಮಲಗ್ತೀಯೋ?"

ಗುಬ್ಬಿಗೆ ಉಸಿರು ಸಿಗುವ ಮೊದಲೇ ಮತ್ತೆ ಅದ್ದಿದ.

ಎಷ್ಟು ಹೆಜ್ಜೆ ಹಾಕಿದಳೋ ಅವಳಿಗೇ ತಿಳಿಯದು. ಪೈಲ್ವಾನನ ಕತ್ತುಪಟ್ಟಿ ಅವಳ ಕೈಯಲ್ಲಿತ್ತು. ತಿರುವಿ ಎಳೆದ ರಭಸಕ್ಕೆ ಗುಂಡಿ ಕಿತ್ತು ಹಾರಿತು, ಅವನ ಬೆನ್ನು ಗೋಡೆಗೆ ಬಡಿಯಿತು. ಅವಳ ಬಲಗೈ ಮೇಲೆ ಹೋಯಿತು. ಕೊಂದುಬಿಡಬೇಕು ಅನಿಸಿತು ಅವಳಿಗೆ, ನಿಜವಾಗಿ ಅನಿಸಿತು.

ಪೈಲ್ವಾನ ಕಣ್ಣು ಮುಚ್ಚಿದ. ಅವನ ಎರಡೂ ಕೈ ತಲೆಯ ಮೇಲೆ ಹೋದವು, ಮೊಣಕೈ ಮುಖಕ್ಕೆ ಅಡ್ಡ ಬಂತು, ಗಲ್ಲ ಎದೆಗೆ ಅಂಟಿತು, ಮಂಡಿ ಮಡಚಿ ಹೊಟ್ಟೆ ಮುಚ್ಚಿಕೊಂಡಿತು. ಒಂದು ಕ್ಷಣವೂ ಹಿಡಿಯಲಿಲ್ಲ. ದಿನಾ ಅಭ್ಯಾಸ ಇಲ್ಲದೆ ಯಾರಿಗೂ ಅಷ್ಟು ಬೇಗ ಬರುವಂಥದ್ದಲ್ಲ ಅದು. ಅವಳಿಗೆ ಗೊತ್ತಿದ್ದ ಭಂಗಿ. ಅವಳದೇ ಭಂಗಿ. ಎತ್ತಿದ ಕೈ ಅಲ್ಲೇ ನಿಂತಿತು.

ಅವಳು ಮಗನನ್ನು ಎತ್ತಿಕೊಂಡಳು. ಗುಬ್ಬಿ ಕೆಮ್ಮಿ ಕೆಮ್ಮಿ ನೀರು ಕಾರಿದ. ಯಾಕೋ ನಂಗೆ ಹೇಳಲಿಲ್ಲ ಎಂದು ಅವನ ಬೆನ್ನು ಗುದ್ದುತ್ತಾ, ಸವರುತ್ತಾ, ಮತ್ತೆ ಮತ್ತೆ ಕೇಳಿದಳು.

"ಹೇಳ್ದೆ," ಎಂದ ಗುಬ್ಬಿ. "ಮಿಸ್ಸಿಗೆ ಹೇಳ್ದೆ, ಅಣ್ಣ ತಮ್ಮ ಆಟ ಆಡ್ಕೊಳ್ಳಿ ಅಂದ್ರು. ಮಾವನಿಗೆ ಹೇಳ್ದೆ, ಗಂಡಸಾಗು ಅಂದ್ರು. ನಿಂಗೆ ಹೇಳಕ್ಕೆ ಬಂದೆ, ನಾಳೆ ಹೇಳು ಅಂತ ಮಲಗಿದೆ. ಆಮೇಲೆ ತಾತನಿಗೆ ಹೇಳ್ದೆ. ದಿನಾ ಹೇಳ್ದೆ. ತಾತ ಕೇಳಿದ್ರು."

*

ಪಾರ್ಶ್ವವಾಯು ಅಪ್ಪನ ಬಲಗಡೆಯನ್ನೂ ಮಾತನ್ನೂ ಒಟ್ಟಿಗೇ ತೆಗೆದುಕೊಂಡು ಹೋಗಿತ್ತು. ಪಾಳಿ ಮುಗಿಸಿ ಅವಳು ಮನೆಗೆ ಬರುವಾಗ ಅಪ್ಪ ಎದ್ದೇ ಇರುತ್ತಿದ್ದರು. ಕಳೆದ ಕೆಲವು ತಿಂಗಳಿಂದ ಒಂದು ಹೊಸ ಕಾಟ ಶುರುವಾಗಿತ್ತು. ಅವಳು ಹಾಸಿಗೆ ಸರಿಮಾಡಲು ಬಗ್ಗಿದರೆ ಸಾಕು, ಅಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ತಿರುಚುತ್ತಿದ್ದರು. ಗಂಟಲಿನಿಂದ ಗೊರಗೊರ ಶಬ್ದ. ಕಣ್ಣು ಗುಬ್ಬಿ ಮಲಗಿದ ಮೂಲೆಯ ಕಡೆ. ಅವಳು ನೀರು ಕೊಡುತ್ತಿದ್ದಳು, ಉಗುಳುತ್ತಿದ್ದರು. ಬೆಡ್‌ಪ್ಯಾನ್ ಇಡುತ್ತಿದ್ದಳು, ಒದೆಯುತ್ತಿದ್ದರು. ಒಂದು ದಿನ ಅವಳ ಕೈಯನ್ನು ಕಚ್ಚಿಯೇಬಿಟ್ಟರು. ಹಲ್ಲಿನ ಗುರುತು ಮೂಡಿತು. ನಿದ್ದೆಯಿಲ್ಲದ ಸಿಟ್ಟಿಗೆ ಅವಳು ಅಪ್ಪನ ಕೆನ್ನೆಗೆ ಹೊಡೆದಳು. ಸಾಯೋ ಕಾಲಕ್ಕೆ ಯಾಕೆ ನನ್ನ ಜೀವ ಹಿಂಡ್ತೀರಿ ಎಂದು ಅತ್ತಳು.

ಅಪ್ಪ ಕಣ್ಣು ಮುಚ್ಚಿ ಎಡಗೈಯನ್ನು ಬಿಟ್ಟರು. ಮಾರನೆಯ ದಿನ ಮತ್ತೆ ಹಿಡಿದರು.

*

ಗುಬ್ಬಿ ಹೇಳುತ್ತಿರುವಾಗಲೇ ಸದ್ದು ಕೇಳಿ ಜನ ತೊಟ್ಟಿಯ ಹತ್ತಿರ ಬಂದಿದ್ದರು. ಎಲ್ಲರಿಗಿಂತ ಮುಂದೆ ಅಣ್ಣ. ಒದ್ದೆಯಾದ ಗುಬ್ಬಿಯನ್ನೂ ಗೋಡೆಗೆ ಅಂಟಿದ ತನ್ನ ಮಗನನ್ನೂ ಒಂದು ಸಲ ನೋಡಿದ. ನೇರ ಹೋಗಿ ಪೈಲ್ವಾನನ ಮುಖಕ್ಕೆ ಬಾರಿಸಿದ. ಹುಡುಗ ಬಿದ್ದ. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಒಮ್ಮೆ, ಇನ್ನೊಮ್ಮೆ. ನನ್ನ ಮಾನ ತೆಗಿತೀಯಾ, ಹೆಣ ಮುಂದಿಟ್ಟುಕೊಂಡು ನನ್ನ ಮಾನ ತೆಗಿತೀಯಾ ಎಂದು ಒದೆಗೊಂದು ಮಾತು. ಪೈಲ್ವಾನನಿಂದ ಒಂದು ಸಣ್ಣ ಶಬ್ದವೂ ಬರಲಿಲ್ಲ. ಕೂಗಿದರೆ ಸೋತ ಹಾಗೆ ಎಂಬ ಆಟ ಆ ಮನೆಯಲ್ಲಿ ಇನ್ನೂ ನಡೆಯುತ್ತಿದೆ ಎಂದು ತಂಗಿಗೆ ಆಗ ಗೊತ್ತಾಯಿತು. ವಕೀಲನೂ ಇನ್ನಿಬ್ಬರೂ ಸೇರಿ ಅಣ್ಣನನ್ನು ಹಿಡಿದರು.

ಅಣ್ಣ ಅಂಗಿ ಸರಿಮಾಡಿಕೊಂಡ. ಮಗನನ್ನು ಕಿವಿ ಹಿಡಿದು ಎಬ್ಬಿಸಿದ. ಅವನ ತುಟಿ ಒಡೆದು ರಕ್ತ ಗಲ್ಲದವರೆಗೆ ಇಳಿದಿತ್ತು. ಇನ್ನೊಂದು ಕೈಯಲ್ಲಿ ತಂಗಿಯ ಕಂಕುಳಿನಿಂದ ಗುಬ್ಬಿಯನ್ನು ಎಳೆದುಕೊಂಡು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ.

"ಕೈ ಕುಲುಕಿ," ಎಂದ. "ಅಪ್ಪ ಮಾಡ್ತಿದ್ದ ಹಾಗೆ. ಅಪ್ಪನ್ನ ಕಳಿಸೋ ಮುಂಚೇನೇ ಮುಗಿಸಿಬಿಡೋಣ."

ಅಪ್ಪನಿಗೆ ತಕ್ಕ ಮಗ ಎಂದು ಯಾರೋ ಹಿಂದಿನಿಂದ ಹೇಳಿದರು. ಪೈಲ್ವಾನ ಕೈ ಚಾಚಿದ. ಗುಬ್ಬಿ ಅಮ್ಮನ ಕಡೆ ನೋಡಿದ, ಮಾವನ ಕಡೆ ನೋಡಿದ. ದೊಡ್ಡವರ ಮಾತು ಮೀರದ ಹುಡುಗ. ನೀರು ತೊಟ್ಟಿಕ್ಕುವ ಪುಟ್ಟ ಕೈ ಮೇಲೆ ಬಂತು.

ತಂಗಿ ಮುಂದೆ ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಕುಲುಕಲ್ಲ," ಎಂದಳು.

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಅಣ್ಣನಿಗೆ ಅರ್ಥವೇ ಆಗಲಿಲ್ಲ. ಏನು ಎಂದು ಕೇಳಿದ.

"ಇಲ್ಲಿ ಜಗಳ ಆಗಿಲ್ಲ, ಮುಗಿಸೋಕೆ. ನನ್ನ ಮಗನ ತಲೆ ನೀರಲ್ಲಿತ್ತು. ಅವನು ನಿಮ್ಮನೆಗೆ ಬರಲ್ಲ. ನೀನೂ ಆ ಹುಡುಗನ್ನ ಹೊಡೀಬೇಡ. ಹೊಡೆದು ಹೊಡೆದೇ ಅವನನ್ನ ಹೀಗೆ ಮಾಡಿದೀಯ, ನಂಗೆ ಮಾಡಿದ್ದನ್ನೇ ಅವನಿಗೂ ಮಾಡಿದೀಯ."

ಅಣ್ಣನ ಅಂಗೈ ಅವಳ ಕೆನ್ನೆಯ ಮೇಲೆ ಸಿಡಿಯಿತು. ಕಿವಿಯಲ್ಲಿ ಗುಂಯ್ ಎಂದಿತು, ಬಾಯಿಗೆ ರಕ್ತದ ರುಚಿ ಬಂತು. ಅವಳು ಬೀಳಲಿಲ್ಲ. ಕೈಗಳನ್ನು ತಲೆಯ ಮೇಲೆ ಒಯ್ಯಲೂ ಇಲ್ಲ. ಗುಬ್ಬಿಯನ್ನು ಬೆನ್ನ ಹಿಂದೆ ಸರಿಸಿ ಅಲ್ಲೇ ನಿಂತಳು. ಅಣ್ಣ ಮತ್ತೆ ಕೈ ಎತ್ತಿದ.

ಬೇಕರಿಯವನು ಬಂದು ಅವಳ ಪಕ್ಕದಲ್ಲಿ ನಿಂತ. ನಿಂತ ಅಷ್ಟೆ. ಅಣ್ಣನ ಎದೆಯವರೆಗೂ ಬಾರದ ಮನುಷ್ಯ. ಹೆಡ್ ಮಿಸ್ಸು ಬಂದು ಇನ್ನೊಂದು ಪಕ್ಕ ನಿಂತರು. ಹುಡುಗರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುತ್ತೇನೆ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ, ಗುಬ್ಬಿಯ ಮಾತು ಕೇಳಿಸಿಕೊಳ್ಳದ ಮಿಸ್ಸನ್ನೂ ಕರೆಸುತ್ತೇನೆ ಎಂದು ಮೆಲ್ಲಗೆ ಹೇಳಿದರು. ಅಷ್ಟು ಹೊತ್ತು ನಿಂತು ನಗುತ್ತಿದ್ದ ಆ ಅಪರಿಚಿತ ಹುಡುಗನ ಮುಖ ಸಪ್ಪಗಾಗಿತ್ತು. ಅಣ್ಣನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು, ತಲೆಗೂದಲನ್ನು ಸವರಿಕೊಂಡು ಕೆಳಗಿಳಿಯಿತು.

ಒಳಗಿನಿಂದ ಯಾರೋ ಅಪ್ಪನ ಸರದಿ ಬಂತೆಂದು ಕೂಗಿದರು.

ಸ್ಟ್ರೆಚರನ್ನು ತಳ್ಳುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕುಲುಮೆಯ ಬಾಗಿಲ ಹತ್ತಿರ ತಂಗಿ ಕೋಟಿನ ತೋಳನ್ನು ಸ್ವಲ್ಪ ಸರಿಸಿ, ಸುಲಿದ ಮಣಿಕಟ್ಟನ್ನು ಹಿಡಿದುಕೊಂಡಳು. ಹೊಡೆದುಬಿಟ್ಟೆ ಅಪ್ಪ, ನೀವು ಹೇಳ್ತಿದ್ರಿ, ನಾನು ಹೊಡೆದುಬಿಟ್ಟೆ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಇಡೀ ದಿನದಲ್ಲಿ ಅವಳು ಅತ್ತದ್ದು ಆಗಲೇ. ಕೆಲಸದವನು ಸ್ವಲ್ಪ ಕಾದು, ಅವಳ ಕೈಯನ್ನು ಬಿಡಿಸಿ ಬಾಗಿಲು ಮುಚ್ಚಿದ.

ಹೊರಗೆ ಅಣ್ಣನ ಕಾರು ಆಗಲೇ ಸ್ಟಾರ್ಟ್ ಆಗಿತ್ತು. ಹಿಂದಿನ ಸೀಟಿನಲ್ಲಿ ಪೈಲ್ವಾನ ಊದಿದ ಮುಖವನ್ನು ಗಾಜಿಗೆ ಆನಿಸಿ ಕೂತಿದ್ದ. ಅತ್ತಿಗೆ ಡಿಕ್ಕಿ ತೆಗೆದು ಗುಬ್ಬಿಯ ಚೀಲವನ್ನು ಹೊತ್ತು ತಂದಳು. ಒಳಗಿಂದ ಅಣ್ಣ ಹಾರ್ನ್ ಹೊಡೆದ. ಅತ್ತಿಗೆ ಬೆಚ್ಚಿದಳು, ಆದರೆ ನಿಲ್ಲಲಿಲ್ಲ.

"ನಮ್ಮನೆಗೆ ಯಾವತ್ತೂ ಕಳಿಸ್ಬೇಡ," ಎಂದು ಚೀಲ ಕೊಟ್ಟಳು. ತಂಗಿ ಅವಳ ಕೈ ಹಿಡಿದು ನೀನೂ ಬಾ, ಅವನನ್ನೂ ಕರ್ಕೊಂಡು ಬಾ ಎಂದಳು. ಅತ್ತಿಗೆ ಕಾರಿನ ಕಡೆ ನೋಡಿದಳು. ಇವತ್ತಲ್ಲ ಎಂದು ಹೇಳಿ ಹೋದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಗುಬ್ಬಿ ಕೂತ. ತಂಗಿ ಕಾರ್ಖಾನೆಯ ಸೂಪರ್‌ವೈಸರನಿಗೆ ಫೋನು ಮಾಡಿ, ನಾಳೆಯಿಂದ ಹಗಲು ಪಾಳಿ ಬೇಕು ಎಂದಳು. 'ಹಗಲಿಗೆ ಜನ ಭರ್ತಿ, ರಾತ್ರಿ ಬರದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ' ಎಂದ ಅವನು. ಬರಲಿ ಎಂದಳು. ಕೆನ್ನೆ ಊದಿ ಮಾತು ಅರ್ಧ ಬಾಯಲ್ಲೇ ಉಳಿಯುತ್ತಿತ್ತು. ಫೋನನ್ನು ಚೀಲದೊಳಗೆ ಹಾಕಿ ಮಗನ ಕಡೆ ಪೂರ್ತಿ ತಿರುಗಿ ಕೂತಳು.

"ಈಗ ಹೇಳು," ಎಂದಳು. "ಮೊದಲಿಂದ."

ಗುಬ್ಬಿ ಶುರು ಮಾಡಿದ. ಮೊದಲು ಪೆನ್ಸಿಲ್ಲು ಮುರಿದದ್ದು, ಆಮೇಲೆ ಶೂಗಳನ್ನು ಬಾವಿಗೆ ಎಸೆದದ್ದು. ಮೊದಮೊದಲು ಒಂದೊಂದೇ ಮಾತು, ಬರಬರುತ್ತಾ ಉಸಿರು ಕಟ್ಟುವ ಹಾಗೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅವನು ನಿಂತಲ್ಲಿ ಮಾತ್ರ 'ಆಮೇಲೆ?' ಎನ್ನುತ್ತಿದ್ದಳು. ಬಸ್ಸು ಅವರ ಸ್ಟಾಪಿಗೆ ಬಂದು ನಿಂತಿತು. ಕಂಡಕ್ಟರು ಅವಳ ಮುಖ ನೋಡಿ ಎರಡು ಸಲ ಸ್ಟಾಪಿನ ಹೆಸರು ಕೂಗಿದ. ಅವಳು ಏಳಲಿಲ್ಲ. ಬಾಗಿಲು ಮುಚ್ಚಿ ಬಸ್ಸು ಹೊರಟಿತು. ಅವರ ಬೀದಿ ದಾಟಿತು, ಶಾಲೆ ದಾಟಿತು, ಊರಿನ ಕೊನೆಯ ಮನೆಗಳೂ ಹಿಂದೆ ಹೋದವು. ಗುಬ್ಬಿ ಇನ್ನೂ ಹೇಳುತ್ತಲೇ ಇದ್ದ.